ಅರುವತ್ತರ ಎಲ್ಲೆ: ನಂಜನಗೂಡು ಸೀಮೆಯ ಒಂದು ಆರೋಗ್ಯ ಸಮೀಕ್ಷೆ

ಕಪಿಲೆಯ ತಡಿಯ ಶ್ರೀಕಂಠೇಶ್ವರನನ್ನು ರೋಗಹರನೆಂದು ನಂಬಿ, ಹರಕೆ ಹೊತ್ತು ಬಂದು, ಹೊಳೆಯಲ್ಲಿ ಮಿಂದು, ಉರುಳುಸೇವೆ ಸಲ್ಲಿಸಿ ಹಿಂದಿರುಗುವ ಭಕ್ತಸಮೂಹವನ್ನು ನಂಜನಗೂಡು ಬಹುಕಾಲದಿಂದ ಕಂಡಿದೆ. ಪಟ್ಟದಾನೆಯ ಕಣ್ಣುಬೇನೆ ಈ ಸ್ವಾಮಿಯ ಅನುಗ್ರಹದಿಂದ ವಾಸಿಯಾಯಿತೆಂದು ಟಿಪ್ಪು ಸುಲ್ತಾನನು ಪಚ್ಚೆಯ ಲಿಂಗವನ್ನು ಅರ್ಪಿಸಿ, ದೇವರನ್ನು ‘ಹಕೀಂ ನಂಜುಂಡ’ನೆಂದು ಕರೆದನೆಂಬ ಐತಿಹ್ಯ ಇಂದಿಗೂ ಜನರ ನಾಲಗೆಯ ಮೇಲಿದೆ. 1913ರಲ್ಲಿ ಬಿ. ವಿ. ಪಂಡಿತರು ಇಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯನ್ನು ಅರಿಯದ ಕನ್ನಡ ಮನೆ ಒಂದು ಕಾಲಕ್ಕೆ ಅಪೂರ್ವವೇ ಆಗಿತ್ತು. ಆರೋಗ್ಯದ ಹೆಸರಿನೊಡನೆ ಇಷ್ಟು ನಿಕಟವಾಗಿ ಬೆಸೆದುಕೊಂಡ ಈ ಊರಿನ ಆಸುಪಾಸಿನ ಹಳ್ಳಿಗಳಲ್ಲಿ ನಮ್ಮ ಕಾಲದಲ್ಲಿಯೇ ನಡೆದ ಒಂದು ವೈದ್ಯಕೀಯ ಸಮೀಕ್ಷೆ ಮಾತ್ರ, ಬಲ್ಲವರ ಪತ್ರಿಕೆಯ ಪುಟಗಳಲ್ಲಿ ಉಳಿದು, ಯಾರ ಬದುಕನ್ನು ಕುರಿತು ನಡೆಯಿತೋ ಅವರಿಗೇ ಅಪರಿಚಿತವಾಗಿ ನಿಂತಿದೆ. ಅದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನಂಜನಗೂಡು ತಾಲ್ಲೂಕಿನ ಸುತ್ತೂರು ಕ್ಷೇತ್ರದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1954ರಲ್ಲಿ ಸ್ಥಾಪಿಸಿದ ಜೆಎಸ್‌ಎಸ್ ಮಹಾವಿದ್ಯಾಪೀಠವು 1984ರಲ್ಲಿ ಮೈಸೂರಿನಲ್ಲಿ ವೈದ್ಯಕೀಯ ಕಾಲೇಜೊಂದನ್ನು ತೆರೆಯಿತು. ಆ ಕಾಲೇಜಿನ ಶ್ವಾಸರೋಗ ತಜ್ಞರಾದ ಡಾ. ಪಿ. ಎ. ಮಹೇಶ್ ಮತ್ತು ಅವರ ಸಹೋದ್ಯೋಗಿಗಳು, ಅಡುಗೆಯ ಹೊಗೆಗೂ ಹೆಂಗಸರ ಕೆಮ್ಮಿಗೂ ಇರುವ ಸಂಬಂಧವನ್ನು ಅಳೆದು ನೋಡುವ ಕಾರ್ಯವನ್ನು ಕೈಕೊಂಡರು. ಮೈಸೂರು ತಾಲ್ಲೂಕಿನಿಂದ 8, ನಂಜನಗೂಡು ತಾಲ್ಲೂಕಿನಿಂದ 8, ಹೀಗೆ 16 ಗ್ರಾಮಗಳನ್ನು 2001ರ ಜನಗಣತಿಯ ಪಟ್ಟಿಯಿಂದ ಯಾದೃಚ್ಛಿಕವಾಗಿ ಆರಿಸಿ, ಮೂವತ್ತು ವರ್ಷ ಮೀರಿದ ಸ್ತ್ರೀಯರನ್ನು ಮನೆಮನೆಗೂ ಹೋಗಿ ಕಂಡು ಮಾತನಾಡಿಸಲಾಯಿತು. ಮೈಸೂರು ತಾಲ್ಲೂಕಿನ 2011 ಮಂದಿ, ನಂಜನಗೂಡಿನ 1942 ಮಂದಿ ಇದರಲ್ಲಿ ಭಾಗಿಗಳಾದರು. ಫಲಿತಾಂಶವು 2013ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹಳ್ಳಿಗಳನ್ನು ಹೀಗೆ ಚೀಟಿ ಎತ್ತಿದಂತೆ ಆರಿಸಿಕೊಳ್ಳುವುದೇಕೆಂದು ಯಾರಾದರೂ ಕೇಳಬಹುದು. ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸಿದರೆ, ಬಸ್ಸಿನ ಚಾರ್ಜಿಗೆ ಹಣವಿಲ್ಲದವಳೂ, ಕೂಲಿ ತಪ್ಪೀತೆಂದು ಮನೆಯಲ್ಲಿಯೇ ಕೆಮ್ಮುತ್ತ ಉಳಿದವಳೂ ಲೆಕ್ಕದ ಹೊರಗೇ ಉಳಿದುಬಿಡುತ್ತಾರೆ. ಡಾಂಬರು ರಸ್ತೆಯ ಮಗ್ಗುಲಿನ ಊರುಗಳನ್ನೇ ಅನುಕೂಲಕ್ಕೆ ಆರಿಸಿಕೊಂಡರೆ ಒಳನಾಡಿನ ಕಷ್ಟ ಕಣ್ಣಿಗೆ ಬೀಳುವುದಿಲ್ಲ. ಆಯ್ಕೆಯನ್ನು ಸಂಶೋಧಕನ ಇಷ್ಟಾನಿಷ್ಟಗಳಿಂದ ಬಿಡಿಸಿ ಇಡುವುದು ಈ ಶಾಸ್ತ್ರದ ಮೊದಲ ನಿಯಮ.

ಎರಡನೆಯದು ಪ್ರಶ್ನೆ ಕೇಳುವ ವಿದ್ಯೆ. ನನ್ನ ಮಟ್ಟಿಗೆ ಇಡೀ ಕಾರ್ಯದ ಜೀವಾಳವಿರುವುದು ಇಲ್ಲಿಯೇ. ವರ್ಷದಲ್ಲಿ ಮೂರು ತಿಂಗಳಂತೆ ಸತತವಾಗಿ ಎರಡು ವರ್ಷ ಕಫಸಹಿತವಾದ ಕೆಮ್ಮು ಕಾಡಿದರೆ, ಅದಕ್ಕೆ ಬೇರೆ ಕಾರಣ ಕಾಣದಿದ್ದರೆ, ವೈದ್ಯರು ಅದನ್ನು ಕ್ರಾನಿಕ್ ಬ್ರಾಂಕೈಟಿಸ್, ಎಂದರೆ ಶ್ವಾಸನಾಳಗಳ ದೀರ್ಘಕಾಲದ ಉರಿಯೂತ, ಎಂದು ನಿರ್ಧರಿಸುತ್ತಾರೆ. ಆದುದರಿಂದ ಈ ರೋಗವನ್ನು ಮೊದಲು ಪತ್ತೆಹಚ್ಚುವುದು ಯಂತ್ರದಿಂದಲ್ಲ, ಮಾತಿನಿಂದ. ಆದರೆ ‘ನಿಮಗೆ ಕೆಮ್ಮಿದೆಯೆ?’ ಎಂದು ನೇರವಾಗಿ ಕೇಳಿದರೆ ನಮ್ಮ ಕಡೆಯ ಹೆಣ್ಣುಮಗಳು ಇಲ್ಲವೆಂದೇ ಹೇಳುವ ಸಂಭವ ಹೆಚ್ಚು. ‘ಅದೇನ್ ಬುಡವ್ವ, ಒಲೆ ಮುಂದೆ ಕುಂತೋರ್ಗೆಲ್ಲ ಇರೋದೇ’ ಎಂಬಷ್ಟು ಅದು ಬಾಳಿನ ಅಂಗವಾಗಿ ಹೋಗಿರುತ್ತದೆ. ಬೆಳಗ್ಗೆ ಎದ್ದಕೂಡಲೇ ಕಫ ಬರುತ್ತದೆಯೆ, ಮಳೆಗಾಲದಲ್ಲಿ ಹೆಚ್ಚೆ, ಹೋದ ವರ್ಷವೂ ಇತ್ತೆ ಎಂದು ಬಿಡಿಬಿಡಿಯಾಗಿ, ಅತ್ತೆ ಮಾವಂದಿರ ಎದುರಿನಲ್ಲಿ ಸಂಕೋಚವಾಗದಂತೆ, ಎಲ್ಲರನ್ನೂ ಒಂದೇ ಕ್ರಮದಲ್ಲಿ ಕೇಳಬೇಕು. ಇದಕ್ಕಾಗಿ ಬಳಸಿದ್ದು ಬೋಲ್ಡ್ ಎಂಬ ಹೆಸರಿನ ಅಂತರರಾಷ್ಟ್ರೀಯ ಶ್ವಾಸರೋಗ ಅಧ್ಯಯನದ ಪ್ರಶ್ನಾವಳಿ. ಜಗತ್ತಿನ ನಾನಾ ದೇಶಗಳಲ್ಲಿ ಕೇಳಿದ ಪ್ರಶ್ನೆಗಳನ್ನೇ ಇಲ್ಲಿಯೂ ಕೇಳಿದುದರಿಂದ, ನಂಜನಗೂಡಿನ ಉತ್ತರವನ್ನು ದೂರದೇಶದ ಉತ್ತರದೊಡನೆ ಹೋಲಿಸಿ ನೋಡುವುದು ಸಾಧ್ಯವಾಗುತ್ತದೆ.

ಇನ್ನು ಹೊಗೆಯನ್ನು ಅಳೆಯುವುದು ಹೇಗೆ? ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಹೀಗೆ ಎಷ್ಟು ವರ್ಷ, ಈ ಎರಡನ್ನು ಗುಣಿಸಿದರೆ ಬರುವ ಸಂಖ್ಯೆಯೇ ಹೊಗೆಯ ಸೂಚ್ಯಂಕ. ಗಡಿಯಾರ ನೋಡಿ ಅಡುಗೆ ಮಾಡದವರಿಂದ ಗಂಟೆಯ ಲೆಕ್ಕ ಪಡೆಯಬೇಕಾದರೆ ಮುದ್ದೆ ತೊಳಸುವ ಹೊತ್ತು, ಗಂಡಸರು ಹೊಲಕ್ಕೆ ಹೊರಡುವ ಹೊತ್ತು, ದೀಪ ಹಚ್ಚುವ ಹೊತ್ತು ಇವುಗಳ ಆಶ್ರಯ ಬೇಕು. ವರ್ಷಗಳಿಗೋ, ಮದುವೆಯಾದ ಸಾಲು, ಚೊಚ್ಚಲು ಮಗು ಹುಟ್ಟಿದ ಸಾಲು, ಕಬಿನಿ ಅಣೆಕಟ್ಟು ಮುಗಿದ ಸಾಲು. ಗ್ರಾಮಸಮೀಕ್ಷೆಯಲ್ಲಿ ಪಳಗಿದವರೆಲ್ಲರೂ ಬಲ್ಲ ಉಪಾಯವಿದು.

ಭಾಗಿಗಳಾದ ಸ್ತ್ರೀಯರಲ್ಲಿ ಒಬ್ಬರೂ ಧೂಮಪಾನಿಗಳಲ್ಲ. ಎಲ್ಲರೂ ಪ್ರಧಾನವಾಗಿ ಸೌದೆ, ಬೆರಣಿ, ಕಡ್ಡಿ, ದಂಟುಗಳಂಥ ಉರುವಲನ್ನೇ ನೆಚ್ಚಿದವರು. ವಯಸ್ಸು, ಮನೆಯ ಗಂಡಸರ ಬೀಡಿಯ ಹೊಗೆ, ದುಡಿಮೆಯಲ್ಲಿ ಸೇರುವ ಧೂಳು ಇವುಗಳ ಪಾಲನ್ನು ಗಣಿತದಿಂದ ಬೇರ್ಪಡಿಸಿ ನೋಡಿದ ಮೇಲೆಯೂ ಉಳಿದ ನಿಷ್ಕರ್ಷೆ ಇದು: ಸೂಚ್ಯಂಕವು 60ನ್ನು ಮುಟ್ಟಿದಾಗ ರೋಗದ ಸಂಬಂಧವು ಸ್ಪಷ್ಟವಾಗಿ ತಲೆದೋರುತ್ತದೆ, 110ನ್ನು ಮುಟ್ಟಿದ ಅಥವಾ ಮೀರಿದ ಸ್ತ್ರೀಯರಲ್ಲಿ ಇಪ್ಪತ್ತಕ್ಕೆ ಒಬ್ಬರು ರೋಗಿಗಳಾಗಿರುತ್ತಾರೆ. ಹದಿನಾರರಲ್ಲಿ ಒಲೆಯ ಮುಂದೆ ಕುಳಿತ ಹುಡುಗಿ ನಿತ್ಯ 3 ಗಂಟೆಯಂತೆ ಬೇಯಿಸಿದರೆ ಮೂವತ್ತಾರರಲ್ಲಿ ಆ ಅರುವತ್ತರ ಎಲ್ಲೆಯನ್ನು ತಲಪುತ್ತಾಳೆ. ಅವಿಭಕ್ತ ಕುಟುಂಬದಲ್ಲಿ 5 ಗಂಟೆ ಬೇಯಿಸುವವಳಾದರೆ ಇಪ್ಪತ್ತೆಂಟಕ್ಕೇ.

ಈ ಲೆಕ್ಕ ಜನರ ನೆನಪನ್ನು ಆಧರಿಸಿದ್ದು, ಒಂದೇ ಸಲ ಕೇಳಿ ಬರೆದುಕೊಂಡದ್ದು. ಅಡುಗೆಮನೆಗೆ ಹೊಗೆಗಂಡಿ ಇತ್ತೆ, ಮಾಡು ಎಷ್ಟು ತಗ್ಗು ಎಂಬುದನ್ನು ಆ ಒಂದು ಸಂಖ್ಯೆ ಹೇಳಲಾರದು. ಹಾಗಿದ್ದರೂ ಈ ಸಮೀಕ್ಷೆಯನ್ನು ನಾನು ಬಹು ಬೆಲೆಯುಳ್ಳದ್ದೆಂದು ಭಾವಿಸುತ್ತೇನೆ. ಯಂತ್ರವಿಲ್ಲದೆ, ರಕ್ತ ತೆಗೆಯದೆ, ಎರಡೇ ಪ್ರಶ್ನೆಗಳಿಂದ ಯಾರಿಗೆ ಅಪಾಯ ಸಮೀಪಿಸಿದೆಯೆಂದು ಹೇಳಬಲ್ಲ ಸಾಧನವನ್ನು ಅದು ನಮ್ಮ ಹಳ್ಳಿಗಳ ಅನುಭವದಿಂದಲೇ ಕಡೆದು ತೆಗೆದಿದೆ. ಆಶಾ ಕಾರ್ಯಕರ್ತೆಯೊಬ್ಬಳು ಜಗುಲಿಯ ಮೇಲೆ ಕುಳಿತೇ ಇದನ್ನು ಗುಣಿಸಿ ನೋಡಬಹುದು.

ಬಡದೇಶಗಳ ಆರೋಗ್ಯವನ್ನು ಸಿರಿವಂತ ದೇಶಗಳ ಪ್ರಯೋಗಶಾಲೆಗಳಿಂದ ಮಾತ್ರ ಅರಿಯಲಾಗದೆಂಬುದಕ್ಕೆ ಬೇರೆ ಸಾಕ್ಷ್ಯವೂ ಉಂಟು. ನೇಪಾಳದ ಡಾ. ಮೃಗೇಂದ್ರ ರಾಜ ಪಾಂಡೆ ಅವರು ಅಲ್ಲಿನ ಗುಡ್ಡಗಾಡಿನ ಮನೆಗಳ ಹೊಗೆಗೂ ಇದೇ ರೋಗಕ್ಕೂ ಇರುವ ನಂಟನ್ನು 1984ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಆಫ್ರಿಕದ ಪುಟ್ಟ ರಾಷ್ಟ್ರ ಮಲಾವಿಯಲ್ಲಿ 150 ಹಳ್ಳಿಗಳ ಹತ್ತು ಸಾವಿರಕ್ಕೂ ಹೆಚ್ಚು ಎಳೆಯ ಮಕ್ಕಳನ್ನು ಒಳಗೊಂಡು, ಹೊಗೆ ಕಡಮೆ ಮಾಡುವ ಒಲೆಗಳನ್ನು ಹಂಚಿ ಪರೀಕ್ಷಿಸಿದಾಗ, ಆ ಮಕ್ಕಳ ನ್ಯುಮೋನಿಯಾ ಅದರಿಂದ ಇಳಿಯಲಿಲ್ಲವೆಂದು ತಿಳಿದುಬಂತು. ಆ ಫಲಿತಾಂಶವನ್ನು 2017ರಲ್ಲಿ ಹಾಗೆಯೇ ಪ್ರಕಟಿಸಿದ್ದು ವಿಜ್ಞಾನಕ್ಕೆ ಒಪ್ಪುವ ನಡತೆ. ಒಲೆಯನ್ನು ಕೊಂಚ ಸುಧಾರಿಸಿದ ಮಾತ್ರಕ್ಕೆ ಸಾಲದು, ಹೊಗೆ ಬಹುಮಟ್ಟಿಗೆ ತೊಲಗಬೇಕು ಎಂಬ ವಾದಕ್ಕೆ ಅದರಿಂದ ಬಲ ಬಂದಿತು.

ನಮ್ಮಲ್ಲಿ ಈ ದಿಕ್ಕಿನಲ್ಲಿ ಪ್ರಯತ್ನ ನಡೆಯದೆ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಅಸ್ತ್ರ ಒಲೆ ಕರ್ನಾಟಕದ ಎಷ್ಟೋ ಮನೆಗಳನ್ನು ಮುಟ್ಟಿತು. 2016ರ ಉಜ್ವಲಾ ಯೋಜನೆಯಿಂದ ಅನಿಲದ ಸಿಲಿಂಡರು ಬಡವರ ಮನೆಗೂ ಬಂದಿತು. ಆದರೂ ಸಿಲಿಂಡರು ಮುಗಿದ ವಾರ ಸೌದೆಯೇ ಗತಿಯಾಗುವ ಮನೆಗಳುಂಟು. ಅಡುಗೆಗೆ ಅನಿಲವಿದ್ದರೂ ಸ್ನಾನದ ಹಂಡೆಯ ಕೆಳಗೆ ಕಡ್ಡಿ ಉರಿಯುವ ಮನೆಗಳಂತೂ ಇನ್ನೂ ಹೆಚ್ಚು.

ಮೈಸೂರು, ನಂಜನಗೂಡುಗಳ ಆ ಸಮೀಕ್ಷೆಯ ಪರಿಧಿಯಲ್ಲಿ ತಿ. ನರಸೀಪುರ ತಾಲ್ಲೂಕು ಇರಲಿಲ್ಲ. ಕಪಿಲೆಯು ಕಾವೇರಿಯನ್ನು ಕೂಡುವ ಆ ಸೀಮೆ ಭತ್ತ, ಕಬ್ಬು, ಹಿಪ್ಪುನೇರಳೆಗಳ ನಾಡು. ರೇಷ್ಮೆಯ ಮನೆಗಳಲ್ಲಿ ಎಲೆ ಬಿಡಿಸಿದ ಹಿಪ್ಪುನೇರಳೆ ಕಡ್ಡಿಯೇ ಒಣಗಿ ಒಲೆಗೆ ಬರುತ್ತದೆ. ನಂಜನಗೂಡಿನಲ್ಲಿ ಕೇಳಿದ ಪ್ರಶ್ನೆಗಳನ್ನು ಅಲ್ಲಿಯೂ ಕೇಳತಕ್ಕದ್ದು; ಜೊತೆಗೆ, ಒಮ್ಮೆ ಉತ್ತರ ಕೊಟ್ಟ ಹದಿನಾರು ಹಳ್ಳಿಗಳಿಗೆ ಅವರ ಉತ್ತರದಿಂದ ಏನು ತಿಳಿಯಿತೆಂಬುದನ್ನು ಅವರದೇ ಮಾತಿನಲ್ಲಿ, ಗ್ರಾಮಸಭೆಯ ಮುಂದೆ, ತಿಳಿಸತಕ್ಕದ್ದು. ಇದು ಉಪಕಾರವಲ್ಲ, ಸಂದಾಯವಾಗಬೇಕಾದ ಋಣ.

ಓದುಗರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ, ಎರಡು ವಾರ ಮೀರಿಯೂ ಕೆಮ್ಮು ಬಿಡದ ತಾಯಿಯೋ ಅಜ್ಜಿಯೋ ಇದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಮೊದಲು ಕ್ಷಯದ ಕಫಪರೀಕ್ಷೆಯನ್ನು ಮಾಡಿಸಿರಿ. ಅದು ಕ್ಷಯವಲ್ಲವೆಂದು ತಿಳಿದ ಮೇಲೆ ಅಷ್ಟಕ್ಕೇ ಹಿಂದಿರುಗದೆ, ಆಕೆ ಎಷ್ಟು ವರ್ಷ, ದಿನಕ್ಕೆ ಎಷ್ಟು ಹೊತ್ತು ಸೌದೆ ಒಲೆಯ ಮುಂದೆ ಕುಳಿತಿದ್ದಳೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ.