ಗೊರವನ ಡಮರು, ಸಿಂಥಸೈಜರಿನ ಆಕಾಶ

ವಿಜಯದಶಮಿ ಬಂತೆಂದರೆ ಕಡೂರು ತಾಲ್ಲೂಕಿನ ಬೀರೂರಿನ ಕಡೆ ಪತ್ರಿಕೆಯವರ ಗಮನ ಹರಿಯುತ್ತದೆ. ಮೈಲಾರಲಿಂಗಸ್ವಾಮಿಯ ಕಾರ್ಣಿಕ ಏನು ನುಡಿಯಿತು, ಮಳೆ ಬೆಳೆ ಹೇಗಂತೆ, ರಾಜಕೀಯಕ್ಕೆ ಏನರ್ಥವಂತೆ ಎಂಬ ಚರ್ಚೆ ಸುತ್ತಲ ಊರುಗಳಲ್ಲೆಲ್ಲ ಶುರುವಾಗುತ್ತದೆ. ಆದರೆ ಆ ಒಂದು ಸಾಲಿನ ನುಡಿಗೆ ನೆಲ ಹದ ಮಾಡುವ ಸದ್ದಿನ ಬಗ್ಗೆ ಯಾರೂ ಬರೆಯುವುದಿಲ್ಲ. ಕರಿ ಕಂಬಳಿ ತೊಟ್ಟು ಕರಡಿ ಕೂದಲ ಟೋಪಿ ಇಟ್ಟ ಗೊರವರ ಕೈಯಲ್ಲಿ ಡಮರು ಒಂದೇ ಗತಿಯಲ್ಲಿ ಮೊಳಗುತ್ತದೆ. ಮೇಲೊಂದು ಪಿಳ್ಳಂಗೋವಿಯ ಎಳೆ, ಜೊತೆಗೆ ಗಂಟೆ. ರಾಗ ಬೆಳೆಸುವ ಅವಸರವಿಲ್ಲ, ಹಾಡು ಮುಗಿಸುವ ಆತುರವಿಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಂತೂ ಬಿಲ್ಲೇರಿದ ಗೊರವಯ್ಯ ‘ಸದ್ದಲೇ’ ಎಂದು ಕೂಗಿದ ಕೂಡಲೇ ಅಷ್ಟು ದೊಡ್ಡ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ಆ ಮೌನವೂ ವಾದ್ಯದಷ್ಟೇ ಮುಖ್ಯ.

ಎಡೆಬಿಡದ ನಾದ, ಬದಲಾಗದ ಬಡಿತ, ನಡುವೆ ದೊಡ್ಡ ಮೌನ. ಇದೇ ಸಾಮಗ್ರಿಯಿಂದ ಕಟ್ಟಿದ ಒಂದು ಸಂಗೀತ ಪ್ರಕಾರ ಐವತ್ತು ವರ್ಷಗಳಿಂದ ಜಗತ್ತಿನಲ್ಲಿ ಬೆಳೆಯುತ್ತಿದೆ. ಆಂಬಿಯೆಂಟ್, ಸ್ಪೇಸ್ ಮ್ಯೂಸಿಕ್, ಟ್ರೈಬಲ್ ಆಂಬಿಯೆಂಟ್ ಎಂದೆಲ್ಲ ಅದನ್ನು ಕರೆಯುತ್ತಾರೆ. ಸಿಂಥಸೈಜರಿನಿಂದ ಹೊರಟ ಒಂದು ಸ್ವರ ನಿಮಿಷಗಟ್ಟಲೆ ನಿಲ್ಲುತ್ತದೆ. ಫಿಲ್ಟರ್ ನಿಧಾನಕ್ಕೆ ತೆರೆದಂತೆ ಅದರ ಬಣ್ಣ ಬದಲಾಗುತ್ತದೆ. ಕೃತಕ ಪ್ರತಿಧ್ವನಿ ಸೇರಿಸಿದರೆ ಕೋಣೆಯಲ್ಲಿ ಹುಟ್ಟಿದ ಸದ್ದು ಕಣಿವೆಯಲ್ಲೋ ಅಂತರಿಕ್ಷದಲ್ಲೋ ಹುಟ್ಟಿದಂತೆ ಕೇಳುತ್ತದೆ. ಅದರ ಕೆಳಗೆ ಚರ್ಮವಾದ್ಯ, ಗಿಲಕಿ, ಮಂತ್ರದಂಥ ಕೊರಳು. ಜರ್ಮನಿಯ ಟ್ಯಾಂಜರಿನ್ ಡ್ರೀಮ್ ತಂಡದ ‘ಫೀಡ್ರಾ’ 1974ರಲ್ಲಿ ಬಂತು. ಬ್ರಿಟನ್ನಿನ ಬ್ರಯನ್ ಈನೊ 1978ರಲ್ಲಿ ವಿಮಾನ ನಿಲ್ದಾಣಗಳಿಗೆಂದೇ ಒಂದು ಆಲ್ಬಂ ಮಾಡಿ ಆಂಬಿಯೆಂಟ್ ಎಂಬ ಹೆಸರನ್ನು ಜನಪ್ರಿಯಗೊಳಿಸಿದರು.

ಈ ಪ್ರವಾಹಕ್ಕೆ ಕನ್ನಡಿಗರಿಗೆ ಆಪ್ತವಾದ ಒಂದು ಊಟೆಯೂ ಇದೆ. ಈನೊ ಜೊತೆ 1980ರಲ್ಲಿ ‘ಫೋರ್ತ್ ವರ್ಲ್ಡ್’ ಆಲ್ಬಂ ತಂದ ಅಮೆರಿಕದ ತುತ್ತೂರಿ ವಾದಕ ಜಾನ್ ಹ್ಯಾಸಲ್ ಕಲಿತದ್ದು ಪಂಡಿತ್ ಪ್ರಾಣನಾಥರ ಬಳಿ. ಪ್ರಾಣನಾಥರು ಕಿರಾಣಾ ಘರಾಣೆಯವರು. ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಮೂಲಕ ಧಾರವಾಡದ ಸೀಮೆ ತನ್ನದಾಗಿಸಿಕೊಂಡ ಅದೇ ಘರಾಣೆ. ಒಂದೊಂದು ಸ್ವರದಲ್ಲೂ ತಂಗಿ, ತಂಬೂರಿಯ ಒಳಗಿನ ಉಪಸ್ವರಗಳನ್ನು ಕೇಳಿಸಿಕೊಳ್ಳುವ ಆ ಅಭ್ಯಾಸವನ್ನೇ ಹ್ಯಾಸಲ್ ತುತ್ತೂರಿಗೂ ಎಲೆಕ್ಟ್ರಾನಿಕ್ಸಿಗೂ ದಾಟಿಸಿದರು.

ಭಾರತದೊಳಗೂ ಈ ಪ್ರಯೋಗ ತಡವಾಗಿ ಬರಲಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ ಇತ್ತು. ಅಲ್ಲಿ ಕೆಲಸ ಮಾಡಿದ ಜಿನರಾಜ್ ಜೋಶೀಪುರ ಅವರ ಒಂದು ರಚನೆಯ ಹೆಸರು ‘ಸ್ಪೇಸ್ ಲೈನರ್ 2001’. ದಶಕಗಳ ಕಾಲ ಕಪಾಟಿನಲ್ಲಿ ಕುಳಿತ ಆ ಟೇಪುಗಳನ್ನು ಪಾಲ್ ಪರ್ಗಸ್ ಎಂಬ ಬ್ರಿಟಿಷ್ ಕಲಾವಿದ ಹುಡುಕಿ ತೆಗೆದು, 2023ರಲ್ಲಿ ಆಯ್ದ ಭಾಗಗಳನ್ನು ಹೊರತಂದರು. ಬೆಂಗಳೂರಿನಲ್ಲಿ ಎಚ್‌ಎಎಲ್‌ನ ಎಂಜಿನಿಯರೂ ಕೊಳಲು ವಾದಕರೂ ಆಗಿದ್ದ ಜಿ. ರಾಜ್ ನಾರಾಯಣ್ ರಾಡೆಲ್ ಸಂಸ್ಥೆ ಕಟ್ಟಿ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದರು. ಗುಂಡಿ ಒತ್ತಿದರೆ ಸಾಕು, ಷಡ್ಜ ಪಂಚಮ ಗಂಟೆಗಟ್ಟಲೆ ಹರಿಯುತ್ತದೆ. ಕಡೂರು, ತರೀಕೆರೆಯ ಭಜನೆಗಳಲ್ಲಿ ಇಂಥ ಪೆಟ್ಟಿಗೆಯ ಪಕ್ಕ ಕೂತು ಬೆಳೆದವರಿಗೆ ಎಲೆಕ್ಟ್ರಾನಿಕ್ ನಾದ ಪರಕೀಯವೆನಿಸಲು ಕಾರಣವೇ ಇಲ್ಲ.

ನಾದದಿಂದ ಮತ್ತೆ ಆರಾಧನೆಯ ಬಡಿತಕ್ಕೆ ಬರೋಣ. ಸೈಬೀರಿಯಾದ ಶಾಮನ್ ಎಂಬ ಪೂಜಾರಿ ತಮಟೆ ಬಡಿಯುತ್ತ ತನ್ನ ಆತ್ಮವನ್ನೇ ಬೇರೆ ಲೋಕಕ್ಕೆ ಕಳುಹಿಸುತ್ತಾನೆಂಬುದು ಆ ಜನರ ನಂಬಿಕೆ. ನಮ್ಮ ಕಡೆ ದಿಕ್ಕು ಬೇರೆ: ಇಲ್ಲಿ ದೇವರೇ ಮೈಮೇಲೆ ಬರುತ್ತದೆ. ಎರಡೂ ಕಡೆ ವಾದ್ಯ ಬೇಕೇ ಬೇಕು. ಹಾಗಾದರೆ ಮೈದುಂಬಿಸುವುದು ಬಡಿತದ ವೇಗವೇ? ಫ್ರಾನ್ಸಿನ ಸಂಗೀತಶಾಸ್ತ್ರಜ್ಞ ಝಿಲ್ಬೆರ್ ರೂಝೆ 1980ರ ತಮ್ಮ ದೊಡ್ಡ ಗ್ರಂಥದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡರು. ಸದ್ದಿಗೆ ತನ್ನಷ್ಟಕ್ಕೆ ಅಂಥ ಶಕ್ತಿಯಿಲ್ಲ. ಯಾವ ಬಡಿತಕ್ಕೆ ಯಾವ ದೇವರು, ಯಾರ ಮೇಲೆ, ಯಾವಾಗ ಎಂಬುದು ಸೇರಿದ ಜನಕ್ಕೆಲ್ಲ ಗೊತ್ತಿರುವುದರಿಂದಲೇ ಅದು ಕೆಲಸ ಮಾಡುತ್ತದೆ ಎಂಬುದು ಅವರ ವಾದ. ವೀರಗಾಸೆ ನೋಡಿದವರು ಇದನ್ನು ಸುಲಭವಾಗಿ ಒಪ್ಪುತ್ತಾರೆ. ಸಂಬಾಳ, ಕರಡೆ, ಮೌರಿ ಎಷ್ಟೇ ಬಿರುಸಾಗಿದ್ದರೂ ವೀರಭದ್ರನ ಒಡಪು ಹೇಳಿದಾಗಲೇ ಕುಣಿತಕ್ಕೆ ಕಿಚ್ಚು ಹತ್ತುವುದು. ದಕ್ಷಯಜ್ಞದ ಕಥೆ ಗೊತ್ತಿಲ್ಲದವನಿಗೆ ಅದು ಬರೀ ಜೋರು ಸದ್ದು.

ಇನ್ನೊಬ್ಬರ ಸದ್ದನ್ನು ಕಥೆಯಿಂದ ಬೇರ್ಪಡಿಸಿ ಎತ್ತಿಕೊಳ್ಳುವಾಗ ಎಚ್ಚರ ಬೇಕಾಗುವುದು ಇದಕ್ಕೇ. ಅಮೆರಿಕದ ಸ್ಟೀವ್ ರೋಚ್ ಈ ಪ್ರಕಾರದ ದೊಡ್ಡ ಹೆಸರು. 1988ರ ಅವರ ‘ಡ್ರೀಮ್‌ಟೈಮ್ ರಿಟರ್ನ್’ ಆಸ್ಟ್ರೇಲಿಯದ ಮೂಲನಿವಾಸಿಗಳ ಲೋಕದ ಸುತ್ತ ಹೆಣೆದ ಕೃತಿ. ಮೂಲನಿವಾಸಿ ಸಮುದಾಯದವರೇ ಆದ ಡೇವಿಡ್ ಹಡ್ಸನ್ ಅದರಲ್ಲಿ ಡಿಜರಿಡೂ ಎಂಬ ಮರದ ಕೊಳವೆ ವಾದ್ಯ ಊದಿದ್ದಾರೆ. ಆಲ್ಬಂನಲ್ಲಿ ಅವರ ಹೆಸರೂ ಇದೆ, ಮುಂದೆ ರೋಚ್ ಅವರ ನೆರವಿನಿಂದಲೇ ಹಡ್ಸನ್ ಸ್ವಂತ ಆಲ್ಬಂ ಕೂಡ ತಂದರು. (ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಿಂದ ಉಸಿರೆಳೆಯುತ್ತಲೇ ಬಾಯಿಂದ ಊದುವುದು ಡಿಜರಿಡೂವಿನ ಗುಟ್ಟು. ವಾಲಗದಲ್ಲಿ ನಾಗಸ್ವರದ ಪಕ್ಕ ಕೂತು ಒತ್ತು ಊದುವವರ ಕೆನ್ನೆ ಗಮನಿಸಿದರೆ ಅದೇ ವಿದ್ಯೆ ಕಾಣುತ್ತದೆ.)

ವ್ಯತಿರಿಕ್ತ ಉದಾಹರಣೆ ಡೀಪ್ ಫಾರೆಸ್ಟ್ ಎಂಬ ಫ್ರೆಂಚ್ ಜೋಡಿಯದು. 1992ರಲ್ಲಿ ಬಂದು ಪ್ರಪಂಚವೆಲ್ಲ ಕೇಳಿದ ಅವರ ‘ಸ್ವೀಟ್ ಲಲಬೈ’ಯಲ್ಲಿರುವ ಜೋಗುಳದ ಕೊರಳು ಸಾಲೊಮನ್ ದ್ವೀಪಗಳ ಅಫುನಕ್ವಾ ಎಂಬ ಮಹಿಳೆಯದು. ಅದನ್ನು ಧ್ವನಿಮುದ್ರಿಸಿಕೊಂಡಿದ್ದ ಜಾನಪದ ಸಂಗೀತ ತಜ್ಞ ಹ್ಯೂಗೊ ಝೆಂಪ್, ಆ ಧ್ವನಿಯನ್ನು ಹೀಗೆ ಬಳಸಿದ್ದಕ್ಕೆ 1996ರಲ್ಲಿ ಬಹಿರಂಗವಾಗಿ ಆಕ್ಷೇಪ ಎತ್ತಿದರು. ಹಾಡು ಜಾಹೀರಾತುಗಳಿಗೂ ಹೋಯಿತು, ಹಣ ತಂದಿತು. ಹಾಡಿದಾಕೆಯ ಹೆಸರು ಕೇಳುಗರಿಗೆ ತಿಳಿಯಲೇ ಇಲ್ಲ. ಇದು ಅನ್ಯಾಯ, ಬೇರೆ ಮಾತಿಲ್ಲ.

ಕನ್ನಡದಲ್ಲಿ ಆರಾಧನೆಯ ಸದ್ದನ್ನೂ ಎಲೆಕ್ಟ್ರಾನಿಕ್ ನಾದವನ್ನೂ ಬೆಸೆದು ದೊಡ್ಡ ಸಂಖ್ಯೆಯ ಜನರಿಗೆ ತಲುಪಿಸಿದ್ದು 2022ರ ‘ಕಾಂತಾರ’. ದೈವದ ಕೂಗು ಚಿತ್ರಮಂದಿರದ ಎಲ್ಲ ದಿಕ್ಕಿನಿಂದ ಬಂದಾಗ ತುಳುನಾಡನ್ನೇ ನೋಡದವರೂ ಬೆಚ್ಚಿದರು. ಅದರ ಸಂಗೀತ ನಿರ್ದೇಶಕ ಬಿ. ಅಜನೀಶ್ ಲೋಕನಾಥ್ ತರೀಕೆರೆಯ ನೆರೆಯ ಭದ್ರಾವತಿಯವರು. ಕರಾವಳಿಯ ಕೋಲಕ್ಕೆ ಸಿಕ್ಕ ಈ ಕಿವಿ ಬಯಲುಸೀಮೆಯ ಗೊರವರಿಗೆ, ಚೌಡಿಕೆಯವರಿಗೆ ಇನ್ನೂ ಸಿಕ್ಕಿಲ್ಲ.

ಚೌಡಿಕೆಯನ್ನೇ ನೋಡಿ. ಮರದ ಕೊಳಗ, ಒಂದು ಬದಿಗೆ ಚರ್ಮ, ಅದರ ನಡುವಿನಿಂದ ಹೊರಟ ಒಂಟಿ ತಂತಿ. ಕಂಕುಳಲ್ಲಿ ಅವುಚಿಕೊಂಡು ಮೀಟುತ್ತ ತಂತಿಯನ್ನು ಬಿಗಿದು ಸಡಿಲಿಸಿದರೆ ಸ್ವರ ಜಾರಿ ಏರಿ ಇಳಿಯುತ್ತದೆ. ಸಿಂಥಸೈಜರಿನಲ್ಲಿ ಸ್ವರ ಬಗ್ಗಿಸಲು ಒಂದು ಚಕ್ರವಿರುತ್ತದಲ್ಲ, ಅದು ಮಾಡುವ ಕೆಲಸವನ್ನು ಇಲ್ಲಿ ಒಂದು ಕೈ ಮಾಡುತ್ತದೆ. ಅಜ್ಜಂಪುರ ತಾಲ್ಲೂಕಿನ ಅಂತರಘಟ್ಟೆ ಜಾತ್ರೆಗೆ ಸಾಲುಗಟ್ಟಿ ಬರುವ ಪಾನಕದ ಗಾಡಿಗಳ ಎತ್ತಿನ ಗೆಜ್ಜೆ, ಗಾಲಿಯ ಗಡಗಡ ಇವೂ ಧ್ವನಿಮುದ್ರಣಕ್ಕೆ ಅರ್ಹವಾದ ಸಂಪತ್ತೇ. ರಾಮನಗರದ ಜಾನಪದ ಲೋಕಕ್ಕಾಗಿ ಎಚ್.ಎಲ್. ನಾಗೇಗೌಡರು ಧ್ವನಿ, ದೃಶ್ಯ ದಾಖಲೆಗಳನ್ನು ಕೂಡಿಹಾಕಿದ ಕಾಲಕ್ಕೆ ಭಾರವಾದ ಸಲಕರಣೆ ಹೊರಬೇಕಿತ್ತು. ಈಗ ಅಂಗೈಯಗಲದ ರೆಕಾರ್ಡರ್ ಸಾಕು.

ಆಂಬಿಯೆಂಟ್ ಸಂಗೀತ ಕೇಳಬೇಕೆನ್ನುವವರು ರೋಚ್ ಅವರ 1984ರ ‘ಸ್ಟ್ರಕ್ಚರ್ಸ್ ಫ್ರಮ್ ಸೈಲೆನ್ಸ್’ನಿಂದ ಶುರುಮಾಡಬಹುದು, ಹೆಡ್‌ಫೋನ್ ಇರಲಿ, ಬೇರೆ ಕೆಲಸ ಬೇಡ. ಆಮೇಲೆ ಅಹಮದಾಬಾದಿನ ಟೇಪುಗಳು. ಮಾಡಬೇಕೆನ್ನುವವರು ದಸರೆಗೆ ಬೀರೂರಿಗೆ ಹೋಗಲಿ. ರೆಕಾರ್ಡರ್ ಒತ್ತುವ ಮುಂಚೆ ಗೊರವರನ್ನು ಕೇಳಲಿ. ಡಮರು ಯಾರದು, ಪಿಳ್ಳಂಗೋವಿ ಯಾರದು, ಊರು ಯಾವುದು ಎಂದು ಬರೆದುಕೊಳ್ಳಲಿ. ಆಲ್ಬಂ ಬಂದಾಗ ಆ ಹೆಸರುಗಳನ್ನು ತಮ್ಮ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಹಾಕಿ, ಬಂದ ಹಣದಲ್ಲಿ ಪಾಲು ಕೊಡಲಿ.