ಮನೋರೋಗಿಗಳ ಆಸ್ಪತ್ರೆಯನ್ನು ಪರೀಕ್ಷಿಸುವ ಬಗೆ

ಆಸ್ಪತ್ರೆಯೊಂದನ್ನು ಪರೀಕ್ಷಿಸುವುದೆಂದರೆ ಗೋಡೆಯ ಸುಣ್ಣ, ಮಂಚಗಳ ಲೆಕ್ಕ, ಔಷಧದ ದಾಸ್ತಾನು ಇವುಗಳನ್ನು ನೋಡಿ ರುಜು ಹಾಕುವುದೆಂದು ಸಾಮಾನ್ಯವಾದ ತಿಳಿವಳಿಕೆ. ಜ್ವರದ ರೋಗಿಯ ವಿಷಯದಲ್ಲಿ ಇಷ್ಟು ಸಾಕಾದೀತು. ಶುಶ್ರೂಷೆ ಸರಿಯಾಗದಿದ್ದರೆ ಆತನೇ ಹೇಳುತ್ತಾನೆ, ಹೇಳಿದ್ದನ್ನು ಇತರರು ನಂಬುತ್ತಾರೆ. ಮನೋರೋಗಿಯ ಪಾಡು ಹಾಗಲ್ಲ. ಆತನ ದೂರನ್ನೂ ರೋಗದ ಲಕ್ಷಣವೆಂದೇ ಎಣಿಸುವವರುಂಟು. ಆದುದರಿಂದ ಇಂತಹ ಆಸ್ಪತ್ರೆಗೆ ಹೊರಗಿನವರ ಕಣ್ಣು ಅವಶ್ಯಕ.

ನೋಡುವವರಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ತಮಿಳುನಾಡಿನ ಏರ್ವಾಡಿ ಸಾಕ್ಷಿಯಾಗಿದೆ. 2001ನೆಯ ಆಗಸ್ಟ್ 6ರಂದು ಅಲ್ಲಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದ ರೋಗಿಗಳು ಓಡಲಾರದೆ 25ಕ್ಕೂ ಹೆಚ್ಚು ಮಂದಿ ಸತ್ತರು. ಸರ್ಕಾರದ ಆಸ್ಪತ್ರೆಗಳೂ ನಿರ್ದೋಷವಾಗಿರಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ದೇಶದ ಮಾನಸಿಕ ಆಸ್ಪತ್ರೆಗಳನ್ನು ಸಂದರ್ಶಿಸಿ ಸಿದ್ಧಪಡಿಸಿದ ವರದಿ 1999ರಲ್ಲಿ ಹೊರಬಂದಿತು. ಸೆರೆಮನೆಯನ್ನು ಹೋಲುವ ಕಟ್ಟಡಗಳು ಇನ್ನೂ ಉಳಿದಿದ್ದುದನ್ನು ಅದು ತೋರಿಸಿತು.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು 2018ನೆಯ ಮೇ 29ರಿಂದ ಜಾರಿಗೆ ಬಂದಿತು. ಇದರಂತೆ ಇಂತಹ ಸಂಸ್ಥೆಗಳು ನೋಂದಣಿ ಹೊಂದಿರತಕ್ಕದ್ದು. ಮೂರು ವರ್ಷಕ್ಕೊಮ್ಮೆ ಅವುಗಳ ತಪಾಸಣೆ ನಡೆಯತಕ್ಕದ್ದು. ದೂರು ಬಂದಲ್ಲಿ ನಡುವೆಯೂ ಪರೀಕ್ಷೆ ನಡೆಸಬಹುದು.

ಹಾಗಾದರೆ ಪರೀಕ್ಷಕನು ಏನನ್ನು ನೋಡಬೇಕು? ಮೊದಲನೆಯದು, ರೋಗಿಯನ್ನು ಕಟ್ಟಿಹಾಕಿದ ಸಂದರ್ಭಗಳ ದಾಖಲೆ. ಸರಪಳಿ ಸರ್ವಥಾ ನಿಷಿದ್ಧ. ಒಡನೆಯೇ ಒದಗಬಹುದಾದ ಅಪಾಯವನ್ನು ತಡೆಯಲು ಬೇರೆ ದಾರಿಯಿಲ್ಲದಾಗ ಮಾತ್ರ, ಮನೋವೈದ್ಯರ ಅಪ್ಪಣೆಯಿಂದ, ಅತ್ಯಲ್ಪ ಕಾಲ ರೋಗಿಯನ್ನು ನಿರ್ಬಂಧಿಸಬಹುದು. ಕಾರಣವನ್ನೂ ಕಾಲವನ್ನೂ ಬರೆದಿಡಬೇಕು. ಸಿಬ್ಬಂದಿ ಸಾಲದೆಂಬುದು ಕಾರಣವಾಗಲಾರದು. ಎರಡನೆಯದು, ರೋಗಿಯ ಮೈಮೇಲಿನ ಬಟ್ಟೆ ಮತ್ತು ತಲೆಗೂದಲು. ಎಲ್ಲರ ತಲೆಯನ್ನೂ ಬಲವಂತವಾಗಿ ಬೋಳಿಸುವುದು ಕಾಯಿದೆಗೆ ವಿರುದ್ಧ. ಸ್ವಂತ ಉಡುಪನ್ನು ಧರಿಸುವುದು ರೋಗಿಯ ಹಕ್ಕು. ಹೆಂಗಸರ ವಿಭಾಗದಲ್ಲಿ ಮುಟ್ಟಿನ ದಿನಗಳಿಗೆ ಬೇಕಾದ ಬಟ್ಟೆಬರೆಯುಂಟೆ, ಸ್ನಾನದ ಮನೆಗೆ ಬಾಗಿಲುಂಟೆ ಎಂದು ವಿಚಾರಿಸಬೇಕು. ಮೂರನೆಯದು, ಕೆಲಸ. ಪುನರ್ವಸತಿಯ ಹೆಸರಿನಲ್ಲಿ ರೋಗಿಗಳಿಂದ ಕಸ ಗುಡಿಸಿಸಿ, ಪಾತ್ರೆ ಬೆಳಗಿಸಿ, ಅದನ್ನೇ ಚಿಕಿತ್ಸೆಯೆನ್ನುವುದು ಸಲ್ಲದು. ಬಲವಂತದ ದುಡಿಮೆ ಕೂಡದು. ದುಡಿದವನಿಗೆ ತಕ್ಕ ಕೂಲಿ ಸಲ್ಲಬೇಕು.

ಇಷ್ಟನ್ನೂ ಆಸ್ಪತ್ರೆಯ ಆವರಣದೊಳಗೇ ನೋಡಬಹುದು. ಆದರೆ ಪುನರ್ವಸತಿಯೆಂದರೆ ಮರಳಿ ನೆಲೆಗೊಳಿಸುವುದಲ್ಲವೆ? ಆ ನೆಲೆ ಆಸ್ಪತ್ರೆಯ ಹೊರಗಿದೆ. ಮಂಡ್ಯದ ಕಡೆಯ ಒಬ್ಬ ರೈತ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಚಿಕಿತ್ಸೆ ಪಡೆದನೆಂದು ಭಾವಿಸೋಣ. ಕಬ್ಬಿನ ಗದ್ದೆ, ಆಲೆಮನೆಗಳಲ್ಲಿ ಬೆಳೆದವನಿಗೆ ಆರು ತಿಂಗಳು ಮೇಣದ ಬತ್ತಿ ಮಾಡುವುದನ್ನು ಕಲಿಸಿದರೆ ಊರಿನಲ್ಲಿ ಅದರಿಂದ ಪ್ರಯೋಜನವೇನು? ಆತನ ಹಿಂದಿನ ಕಸುಬೇನೆಂದು ಆಸ್ಪತ್ರೆ ಕೇಳಿತ್ತೆ, ಮನೆಯವರನ್ನು ಕರೆಸಿ ರೋಗದ ಸ್ವರೂಪವನ್ನು ತಿಳಿಸಿತ್ತೆ ಎಂಬುದು ಪರೀಕ್ಷಕನ ಪ್ರಶ್ನೆಯಾಗಬೇಕು. ಮನೆಯವರು ಕರೆದೊಯ್ಯಲಿಲ್ಲವೆಂಬ ಒಂದೇ ಕಾರಣದಿಂದ ಗುಣವಾದವನನ್ನು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವುದನ್ನೂ ಕಾಯಿದೆ ಒಪ್ಪುವುದಿಲ್ಲ.

ಊರಿಗೆ ಬಂದ ಮೇಲೆ ಔಷಧದ ಪ್ರಶ್ನೆ ಏಳುತ್ತದೆ. ಮದ್ದೂರು ರೈಲುಮಾರ್ಗದ ಮೇಲಿದೆ, ಮಳವಳ್ಳಿಗೆ ರೈಲಿಲ್ಲ. ಮಾತ್ರೆಗಾಗಿ ದೂರದ ಪಟ್ಟಣಕ್ಕೆ ಹೋಗಿ ಬರುವುದರಲ್ಲಿ ಬಡವನಿಗೆ ಒಂದು ದಿನದ ಕೂಲಿ ನಷ್ಟವಾಗುತ್ತದೆ, ಎರಡು ಸಲ ಹೋದವನು ಮೂರನೆಯ ಸಲ ಬಿಟ್ಟಾನು, ರೋಗ ಮರುಕಳಿಸೀತು. ಇದನ್ನರಿತೇ ಕರ್ನಾಟಕದಲ್ಲಿ ಮನೋಚೈತನ್ಯವೆಂಬ ಕಾರ್ಯಕ್ರಮದ ಮೂಲಕ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡನ್ನು ಮಾಡಲಾಯಿತು. ಬಿಡುಗಡೆಯ ಚೀಟಿಯಲ್ಲಿ ಮುಂದಿನ ಔಷಧ ಎಲ್ಲಿ, ಯಾವ ದಿನ ದೊರೆಯುವುದೆಂದು ರೋಗಿಗೆ ತಿಳಿಯುವ ಕನ್ನಡದಲ್ಲಿ ಬರೆದಿದೆಯೆ? ಆರು ತಿಂಗಳ ಹಿಂದೆ ಬಿಡುಗಡೆಯಾದವರಲ್ಲಿ ಎಷ್ಟು ಮಂದಿ ಈಗಲೂ ಔಷಧ ಪಡೆಯುತ್ತಿದ್ದಾರೆ, ಎಷ್ಟು ಮಂದಿ ದುಡಿಯುತ್ತಿದ್ದಾರೆ? ಈ ಲೆಕ್ಕವನ್ನು ಇಟ್ಟಿರುವ ಆಸ್ಪತ್ರೆಯ ಸುಣ್ಣ ಕೊಂಚ ಮಾಸಿದ್ದರೂ ಪರೀಕ್ಷಕನು ಮನ್ನಿಸಬಹುದು. ಲೆಕ್ಕವೇ ಇಲ್ಲದ ಆಸ್ಪತ್ರೆಯು ಎಷ್ಟೇ ಶುಭ್ರವಾಗಿದ್ದರೂ ಅದಕ್ಕೆ ಒಳ್ಳೆಯ ವರದಿಯನ್ನು ಬರೆಯಲಾಗದು.