ನಿಮಗಿದು ಗೊತ್ತೇ? ನರ್ಸ್ ಓದು, ನರ್ಸ್ ಸಂಬಳ

● ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷದ ಪದವಿ. ಇವುಗಳಲ್ಲಿ ಒಂದೊಂದನ್ನು ಓದಿದ ಇಬ್ಬರು ಒಂದೇ ದಿನ ಕೇಂದ್ರ ಸರ್ಕಾರದ ಆಸ್ಪತ್ರೆಗೆ ನರ್ಸಿಂಗ್ ಆಫೀಸರ್ ಆಗಿ ಸೇರಿದರು ಎನ್ನಿ. ಏಳನೇ ವೇತನ ಆಯೋಗದ ಪಟ್ಟಿಯಲ್ಲಿ ಇಬ್ಬರ ಮೂಲವೇತನವೂ 44,900 ರೂಪಾಯಿಯೇ! ನೈಟ್ ಡ್ಯೂಟಿ ಮುಗಿಸಿ ಹ್ಯಾಂಡ್‌ಓವರ್ ಕೊಡುವವರು ಜಿಎನ್‌ಎಂ, ತಗೊಳ್ಳುವವರು ಬಿಎಸ್ಸಿ. ಯಾವ ಬೆಡ್ಡಿನ ಡ್ರಿಪ್ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಯಾರ ಬಿಪಿ ರಾತ್ರಿ ಇಳಿದಿತ್ತು, ಯಾರಿಗೆ ಬೆಳಗ್ಗೆ ರಕ್ತ ತೆಗೆಯಬೇಕು ಎಂಬುದನ್ನು ಇಬ್ಬರೂ ಬರೆಯುವುದು ಅದೇ ಕೇಸ್ ಶೀಟಿನಲ್ಲಿ. ಸರ್ಕಾರ ದುಡ್ಡು ಕೊಡುವುದು ಹುದ್ದೆಗೆ, ಸರ್ಟಿಫಿಕೇಟಿಗಲ್ಲ.

● ಹಾಗಾದರೆ ನಾಲ್ಕನೇ ವರ್ಷ ದಂಡವೇ? ಅಲ್ಲ. ವ್ಯತ್ಯಾಸ ಇರುವುದು ಬಾಗಿಲಲ್ಲಿ. ಏಮ್ಸ್ ಆಸ್ಪತ್ರೆಗಳ ನೇಮಕಕ್ಕೆ ನಡೆಯುವ ನಾರ್ಸೆಟ್ ಪರೀಕ್ಷೆಯನ್ನು ಬಿಎಸ್ಸಿ ಮುಗಿಸಿ ನೋಂದಣಿ ಮಾಡಿಸಿದವರು ನೇರವಾಗಿ ಬರೆಯಬಹುದು. ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದ ಅನುಭವ ಬೇಕು. ಒಂದು ವರ್ಷ ಕಡಿಮೆ ಓದಿದವರು ಎರಡು ವರ್ಷ ಕಾಯುವ ಲೆಕ್ಕ.

● ಏಳನೇ ಆಯೋಗದ ಲೆಕ್ಕದಲ್ಲಿ ಮೊದಲು ನಿಗದಿಯಾದ ನರ್ಸಿಂಗ್ ಭತ್ಯೆ ತಿಂಗಳಿಗೆ 7,200 ರೂಪಾಯಿ ಇತ್ತು. ಅದಕ್ಕೂ ಪದವಿಯ ಹಂಗಿಲ್ಲ.

● ಕೆಲಸಕ್ಕೆ ಸೇರಿದ ಮೇಲೆ ಹೆಚ್ಚು ಓದಿದರೆ? ಕೇಂದ್ರ ನೌಕರರಿಗೆ ಅನ್ವಯಿಸುವ 2019ರ ಆದೇಶದ ಪ್ರಕಾರ, ಕೆಲಸಕ್ಕೆ ಸಂಬಂಧಪಟ್ಟ ಸ್ನಾತಕೋತ್ತರ ಪದವಿ ಒಂದು ವರ್ಷಕ್ಕಿಂತ ದೊಡ್ಡದಾಗಿದ್ದರೆ ಪ್ರೋತ್ಸಾಹಧನ 25,000 ರೂಪಾಯಿ. ತಿಂಗಳಿಗಲ್ಲ, ಒಂದೇ ಗಂಟಿನಲ್ಲಿ! ಪಿಎಚ್‌ಡಿಗೆ 30,000. ಫೀಸು, ಪುಸ್ತಕ, ಥೀಸಿಸ್ ಬೈಂಡಿಂಗ್ ಎಲ್ಲ ಸೇರಿಸಿದರೆ ಕೈಯಿಂದ ಹೋಗುವುದೇ ಜಾಸ್ತಿ.

● ಖಾಸಗಿ ಆಸ್ಪತ್ರೆಯ ಕತೆ ಬೇರೆ. ನರ್ಸ್‌ಗಳ ಸಂಘ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಆದೇಶ ಕೊಟ್ಟ ಮೇಲೆ ಕೇಂದ್ರ ಒಂದು ಸಮಿತಿ ರಚಿಸಿತು. ಸಮಿತಿ ಹೇಳಿದ್ದು ಇಷ್ಟು: 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಆಯಾ ರಾಜ್ಯದ ಸರ್ಕಾರಿ ನರ್ಸ್‌ಗಳಷ್ಟೇ ಸಂಬಳ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ 10ರಷ್ಟು ಮಾತ್ರ ಕಡಿಮೆ ಇರಬಹುದು, 50ರಿಂದ 100 ಇದ್ದರೆ ಶೇ 25, ಐವತ್ತಕ್ಕಿಂತ ಕಡಿಮೆ ಇದ್ದರೂ 20,000 ರೂಪಾಯಿಗಿಂತ ಇಳಿಯುವಂತಿಲ್ಲ. ಗಮನಿಸಿ, ಇಲ್ಲಿ ಎಣಿಸಿದ್ದು ಆಸ್ಪತ್ರೆಯ ಮಂಚಗಳನ್ನು. ನರ್ಸ್ ಓದಿದ ವರ್ಷಗಳನ್ನಲ್ಲ! ಶಿಫಾರಸಿಗೆ ಜೀವ ಬರಬೇಕಾದರೆ ರಾಜ್ಯಗಳು ಆದೇಶ ಹೊರಡಿಸಬೇಕು. ಮುಷ್ಕರದ ಬಿಸಿ ತಟ್ಟಿಸಿಕೊಂಡ ಕೇರಳ 2018ರಲ್ಲಿ 20,000 ರೂಪಾಯಿ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು.

● ಎರಡು ವರ್ಷದ ಎಎನ್‌ಎಂ (ಸಹಾಯಕ ನರ್ಸಿಂಗ್) ಕೋರ್ಸು ಮುಗಿಸಿ ಸರ್ಕಾರಿ ಸೇವೆಗೆ ಸೇರಿದವರಿಗೆ ಕರ್ನಾಟಕದಲ್ಲಿ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎಂಬ ಉದ್ದನೆಯ ಪದನಾಮ. ಸ್ಟಾಫ್ ನರ್ಸ್ ಶುಶ್ರೂಷಾಧಿಕಾರಿ ಆಗಿದ್ದಾರೆ. ರೋಗಿಗಳ ಬಾಯಲ್ಲಿ ಮಾತ್ರ ಎಲ್ಲರೂ ಸಿಸ್ಟರೇ.

● ಹಳ್ಳಿಯ ಉಪಕೇಂದ್ರಗಳಲ್ಲಿ ಬಿಪಿ, ಶುಗರ್ ನೋಡುವ ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆಯಲ್ಲಿ ಪದವಿಗೆ ನಿಜಕ್ಕೂ ಬೆಲೆಯಿದೆ. ಇದಕ್ಕೆ ಬೇಕಾದ ಆರು ತಿಂಗಳ ತರಬೇತಿಯನ್ನು ಬಿಎಸ್ಸಿ ಪಠ್ಯದೊಳಗೇ ಸೇರಿಸಲಾಗಿದೆ. ಕೆಲಸ ಗುತ್ತಿಗೆಯದ್ದು ಎಂಬುದನ್ನು ಮರೆಯಬೇಡಿ.

● ಜಿಎನ್‌ಎಂ ಆದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿ ಪದವೀಧರರಾಗಬಹುದು. ಕೆಲಸ ಬಿಡಲಾಗದ ನರ್ಸ್‌ಗಳಿಗಾಗಿ ಇಗ್ನೋ ಇದನ್ನೇ ಮೂರು ವರ್ಷದ ಕೋರ್ಸಾಗಿ ನಡೆಸುತ್ತ ಬಂದಿದೆ.

● ಎಂಎಸ್ಸಿ ನರ್ಸಿಂಗ್ ಲಾಭ ಕೊಡುವುದು ವಾರ್ಡಿನಲ್ಲಲ್ಲ, ಕ್ಲಾಸ್‌ರೂಮಿನಲ್ಲಿ. ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಅದು ಬೇಕೇ ಬೇಕು. ಒಳ್ಳೆಯ ಐಸಿಯು ನರ್ಸ್ ಸಂಬಳಕ್ಕಾಗಿ ರೋಗಿಯ ಮಂಚ ಬಿಟ್ಟು ಬೋರ್ಡಿನ ಮುಂದೆ ನಿಲ್ಲಬೇಕಾಗಿರುವುದು ನನ್ನ ಮಟ್ಟಿಗೆ ಈ ವೃತ್ತಿಯ ದೊಡ್ಡ ಎಡವಟ್ಟು. ಇದಕ್ಕೆ ಮದ್ದಾಗಲೆಂದೇ ಭಾರತೀಯ ನರ್ಸಿಂಗ್ ಪರಿಷತ್ತು ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ರೆಸಿಡೆನ್ಸಿ ಕೋರ್ಸು ತಂದಿತು. ಕೋರ್ಸು ಬಂತು, ಅದಕ್ಕೆ ತಕ್ಕ ಹುದ್ದೆ ಸೃಷ್ಟಿಸಿದ ಆಸ್ಪತ್ರೆಗಳು ವಿರಳ.

● ನರ್ಸಿಂಗ್ ಓದಿ ಲೆಫ್ಟಿನೆಂಟ್ ಆಗಬಹುದು! ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ನಾಲ್ಕು ವರ್ಷದ ಬಿಎಸ್ಸಿಗೆ ಆಯ್ಕೆಯಾದ ಯುವತಿಯರು ಬಾಂಡ್ ಬರೆದುಕೊಟ್ಟು ಸೇರುತ್ತಾರೆ, ಓದು ಮುಗಿದಾಗ ಹೆಗಲಿಗೆ ನಕ್ಷತ್ರ ಏರುತ್ತದೆ. ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯಲ್ಲೂ ಇಂಥ ಕಾಲೇಜಿದೆ. ಈ ಸೇವೆಯ ತುತ್ತತುದಿಯ ಹುದ್ದೆ ಮೇಜರ್ ಜನರಲ್.

● ಓದಿದಷ್ಟೂ ಸಂಬಳ ಏರುವುದನ್ನು ನೋಡಬೇಕೆಂದರೆ ಅಮೆರಿಕದ ಕಡೆ ನೋಡಬೇಕು. 2023ರ ಸರ್ಕಾರಿ ಲೆಕ್ಕದಂತೆ, ಸುಮಾರು ಒಂದು ವರ್ಷದ ಕೋರ್ಸು ಮಾಡಿದ ಪ್ರಾಕ್ಟಿಕಲ್ ನರ್ಸ್‌ನ ಮಧ್ಯಮ ವಾರ್ಷಿಕ ಸಂಬಳ 60 ಸಾವಿರ ಡಾಲರಿನ ಆಸುಪಾಸು. ರಿಜಿಸ್ಟರ್ಡ್ ನರ್ಸ್‌ದು 86 ಸಾವಿರ. ಮಾಸ್ಟರ್ಸ್ ಮುಗಿಸಿ ಔಷಧ ಬರೆಯುವ ನರ್ಸ್ ಪ್ರಾಕ್ಟೀಷನರ್‌ದು 1.26 ಲಕ್ಷ. ಅರಿವಳಿಕೆ ಕೊಡುವ ನರ್ಸ್ ಅನೆಸ್ಥೆಟಿಸ್ಟ್‌ದು 2 ಲಕ್ಷ ದಾಟುತ್ತದೆ. ಅಲ್ಲಿ ಮೇಲಿನ ಓದಿಗೆ ಮೇಲಿನ ಅಧಿಕಾರವೂ ಸಿಗುತ್ತದೆ. ದುಡ್ಡು ಬರುವುದು ಆ ಅಧಿಕಾರದ ಬೆನ್ನಿಗೆ.

● ನ್ಯೂಯಾರ್ಕ್ ರಾಜ್ಯ 2017ರಲ್ಲಿ ಕಾಯ್ದೆಯನ್ನೇ ಮಾಡಿತು: ಹೊಸದಾಗಿ ಬರುವ ನರ್ಸ್‌ಗಳು ಲೈಸೆನ್ಸ್ ಸಿಕ್ಕ ಹತ್ತು ವರ್ಷದೊಳಗೆ ಪದವಿ ಪಡೆಯಬೇಕು.

● ಬ್ರಿಟನ್ನಿಗೆ ಎಂಎಸ್ಸಿ ಹಿಡಿದು ಹೋದರೂ ವಾರ್ಡ್ ನರ್ಸಿನ ಆರಂಭ ಬ್ಯಾಂಡ್ 5 ಎಂಬ ವೇತನ ಶ್ರೇಣಿಯಲ್ಲೇ. ಜರ್ಮನಿಯಲ್ಲಿ ಪದವಿಗಿಂತ ಭಾಷೆ ದೊಡ್ಡದು. ಜರ್ಮನ್ ಕಲಿತು ಮಾನ್ಯತೆ ಸಿಗುವವರೆಗೆ ಸಹಾಯಕರ ಸಂಬಳ, ಸಿಕ್ಕ ಮೇಲೆ ಪೂರ್ಣ ನರ್ಸಿನದು.

● ನರ್ಸ್ ಹೆಚ್ಚು ಓದಿದರೆ ರೋಗಿಗೇನು ಲಾಭ? 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂಬತ್ತು ಯುರೋಪಿಯನ್ ದೇಶಗಳ ಅಧ್ಯಯನ ನೋಡಿ. ಪದವೀಧರ ನರ್ಸ್‌ಗಳ ಪ್ರಮಾಣ ಶೇ 10ರಷ್ಟು ಹೆಚ್ಚಿದ್ದಲ್ಲಿ, ಶಸ್ತ್ರಚಿಕಿತ್ಸೆಯಾದ ರೋಗಿಗಳು ತಿಂಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಕಡಿಮೆ ಇತ್ತು.

● ಅಮೆರಿಕದ ನರ್ಸಿಂಗ್ ಲೈಸೆನ್ಸಿನ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಐದು ಗಂಟೆ ಸಮಯ. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಠಿಣ, ತಪ್ಪಾದರೆ ಸುಲಭ. ಹಾಗಾಗಿ ಪ್ರಶ್ನೆಗಳು ಸುಲಭ ಎನ್ನಿಸತೊಡಗಿದರೆ ಎದೆ ಡವಡವ! ಕನಿಷ್ಠ 85 ಪ್ರಶ್ನೆ, ಗರಿಷ್ಠ 150. ಅಭ್ಯರ್ಥಿಯ ಮಟ್ಟ ಖಚಿತವಾದ ಕೂಡಲೇ ಕಂಪ್ಯೂಟರ್ ನಿಲ್ಲಿಸಿಬಿಡುತ್ತದೆ. ಹಲವು ರಾಜ್ಯಗಳಲ್ಲಿ ಇದಕ್ಕೆ ನಮ್ಮ ಜಿಎನ್‌ಎಂ ಡಿಪ್ಲೊಮಾವೂ ನಡೆಯುತ್ತದೆ.